ಮನೆಯೇ ಕಚೇರಿಯಾದಾಗ ನಿದ್ರೆಯ ಗತಿ

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳು ‘ಕೆಲಸ ಹೆಚ್ಚಾಗಿದೆ’ ಎಂದು ಹೇಳಿಕೊಂಡು ವೈದ್ಯರಲ್ಲಿಗೆ ಬರುವುದಿಲ್ಲ. ‘ಗ್ಯಾಸ್ಟ್ರಿಕ್’, ಕುತ್ತಿಗೆ ನೋವು, ತಲೆಭಾರ, ಕಣ್ಣುರಿ - ಇವೇ ಅವರ ದೂರುಗಳು. ಕೆಲವರು ನೇರವಾಗಿ ನಿದ್ರೆ ಮಾತ್ರೆಯನ್ನೇ ಕೇಳುತ್ತಾರೆ. ವಿಚಾರಿಸುತ್ತಾ ಹೋದರೆ, ಇವರ ದಿನಕ್ಕೆ ಆರಂಭವಿದೆ, ಮುಕ್ತಾಯವಿಲ್ಲ ಎಂಬುದು ತಿಳಿಯುತ್ತದೆ.

ಇದಕ್ಕೆ ಮೊದಲ ಕಾರಣ ಗಡಿಯಾರ. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 9 ಗಂಟೆಯಾದಾಗ ಬೇಸಿಗೆಯಲ್ಲಿ ನಮಗೆ ರಾತ್ರಿ 9.30. ನವೆಂಬರ್‌ನಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಅದೇ ಸಭೆ ಇಲ್ಲಿ 10.30ಕ್ಕೆ ಜರುಗುತ್ತದೆ, ಮಾರ್ಚ್‌ವರೆಗೆ ಅದೇ ಪಾಡು. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ಕಚೇರಿಯೇ ಮನೆಯೊಳಗೆ ಬಂತು. ಈಗ ವಾರದಲ್ಲಿ ಕೆಲವು ದಿನ ಕಚೇರಿಗೆ ಹೋಗುವವರಿಗೆ ಹಗಲು ಸಿಲ್ಕ್ ಬೋರ್ಡ್‌ನ ವಾಹನ ದಟ್ಟಣೆ, ರಾತ್ರಿ ಮನೆಯಿಂದ ಸಭೆ. ಎರಡೂ ಕಡೆಯ ಕಷ್ಟ ಒಬ್ಬರ ಪಾಲಿಗೇ ಬಂದಿದೆ.

ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸಿ ಶರೀರವನ್ನು ನಿದ್ರೆಗೆ ಅಣಿಗೊಳಿಸುತ್ತದೆ. ಪರದೆಯ ಬೆಳಕು ಈ ಕ್ರಿಯೆಯನ್ನು ತಡಮಾಡುತ್ತದೆ. ಆದರೆ ಬೆಳಕಿಗಿಂತ ಹೆಚ್ಚು ಕೆಡುಕು ಮಾಡುವುದು ಸಭೆಯಲ್ಲಿನ ವಾದವಿವಾದ ಎಂದು ನನ್ನ ಅಭಿಪ್ರಾಯ. ಲ್ಯಾಪ್‌ಟಾಪ್ ಮುಚ್ಚಿದರೂ ಮನಸ್ಸು ವಾದ ಮುಂದುವರಿಸುತ್ತಿರುತ್ತದೆ. ಸಾಲದ್ದಕ್ಕೆ ಕಾಫಿ! ಕುಡಿದ ಐದು ಗಂಟೆಗಳ ನಂತರವೂ ಸುಮಾರು ಅರ್ಧದಷ್ಟು ಕೆಫೀನ್ ದೇಹದಲ್ಲಿ ಉಳಿದಿರುತ್ತದೆ.

ಮೂವತ್ತೈದರ ಇಂಜಿನಿಯರ್ ಒಬ್ಬರು ನಿದ್ರೆ ಮಾತ್ರೆ ಕೇಳಿಕೊಂಡು ನನ್ನಲ್ಲಿಗೆ ಬಂದಿದ್ದರು. ರಕ್ತದೊತ್ತಡ 150/100 ಇತ್ತು. ರಾತ್ರಿ ಒಂಬತ್ತಕ್ಕೆ ಕಾಫಿ, ಸಭೆ ಮುಗಿಸಿ ಹನ್ನೊಂದೂವರೆಗೆ ಊಟ, ಕೂಡಲೇ ಹಾಸಿಗೆ. ಎದೆಯುರಿ ಬರದೆ ಇನ್ನೇನು ಬಂದೀತು? ಊಟವನ್ನು ಎಂಟರೊಳಗೆ ಮುಗಿಸಿ, ನಾಲ್ಕರ ನಂತರ ಕಾಫಿ ಬಿಡಿ ಎಂದೆ. ವಾರದ ಐದು ಸಭೆಗಳಲ್ಲಿ ಕೆಲವನ್ನಾದರೂ ಬೆಳಿಗ್ಗೆ ಏಳಕ್ಕೆ ಬದಲಾಯಿಸಲು ಕೇಳಿ, ಬೇಸಿಗೆಯಲ್ಲಿ ಅದು ಕ್ಯಾಲಿಫೋರ್ನಿಯಾದವರಿಗೆ ಹಿಂದಿನ ದಿನದ ಸಂಜೆ ಆರೂವರೆ ಎಂದೂ ಸೂಚಿಸಿದೆ. ಎರಡು ಸಭೆಗಳು ಬದಲಾದವು, ಮೂರು ಹಾಗೆಯೇ ಉಳಿದವು. ನಿದ್ರೆ ಸುಧಾರಿಸಿದೆ, ರಕ್ತದೊತ್ತಡಕ್ಕೆ ಮಾತ್ರೆ ಬೇಕಾಗಿಯೇ ಬಂತು.

ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜು ಮಾಡಿವೆ. ಮನೆಯಿಂದ ದುಡಿಯುವವರು ಗಂಟೆಗಳನ್ನು ಲೆಕ್ಕ ಇಡುವುದೇ ಇಲ್ಲ. ಒಂದು ವಾರ ಕಾಗದದ ಮೇಲೆ ಬರೆದು ನೋಡಿ.

ಮಹಿಳೆಯರ ಸ್ಥಿತಿ ಇನ್ನೂ ಬಿಗಿ. ಸೊಸೆ ಮನೆಯಲ್ಲೇ ಇದ್ದಾಳಲ್ಲ ಎಂದು ಗ್ಯಾಸ್ ಸಿಲಿಂಡರಿನವನಿಗೆ ಬಾಗಿಲು ತೆರೆಯುವುದೂ ಅವಳೇ, ಅತ್ತೆಯ ಮಾತ್ರೆ ಕೊಡುವುದೂ ಅವಳೇ. ಹೀಗೆ ತುಂಡಾದ ಕೆಲಸ ರಾತ್ರಿಗೆ ಉಳಿಯುತ್ತದೆ. ಕೆಲಸದ ವೇಳೆಯಲ್ಲಿ ಆಕೆ ಮನೆಯಲ್ಲಿ ಇಲ್ಲವೆಂದೇ ತಿಳಿಯಬೇಕೆಂದು ನಾನು ಗಂಡಂದಿರಿಗೆ ಹೇಳುತ್ತೇನೆ. ಎಷ್ಟು ಜನ ಕೇಳುತ್ತಾರೋ!

ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಬೇಡ. ಮೇಜಿನ ಮೇಲಿಟ್ಟು, ಕೆಳಗೆ ನಾಲ್ಕು ದಪ್ಪ ಪುಸ್ತಕ ಇರಿಸಿ ಪರದೆಯನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಕೀಲಿಮಣೆ ಬೇರೆ ಇರಲಿ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಆಗಾಗ ಕಿಟಕಿಯಾಚೆ ದೂರ ನೋಡಿ. ನಿದ್ರೆ ಮಾತ್ರೆಗಳನ್ನು ಸ್ನೇಹಿತರಿಂದಾಗಲಿ, ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದಾಗಲಿ ತಂದು ನುಂಗಬೇಡಿ. ಆಲ್ಪ್ರಜೋಲಾಮ್‌ನಂಥವು ಕೆಲವೇ ವಾರಗಳಲ್ಲಿ ಅಭ್ಯಾಸವಾಗಿಬಿಡುತ್ತವೆ. ಜೋರಾಗಿ ಗೊರಕೆ ಹೊಡೆದು ಹಗಲು ತೂಕಡಿಸುವವರಿಗಂತೂ ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು. ಅವರು ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕು.

ರಾತ್ರಿ ಸಭೆಯ ನಡುವೆ ಎದೆ ಹಿಡಿದಂತಾಗಿ ಬೆವರಿದರೆ, ಎಡಗೈಗೋ ದವಡೆಗೋ ನೋವು ಹರಿದರೆ, ಗ್ಯಾಸ್ ಎಂದು ಸೋಡಾ ಕುಡಿದು ಕೂರಬೇಡಿ. ವಯಸ್ಸು ಮೂವತ್ತೇ ಆಗಿರಲಿ, ಮನೆಯವರನ್ನು ಎಬ್ಬಿಸಿ, 108ಕ್ಕೆ ಕರೆ ಮಾಡಿ. ತಾವೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಹೊರಡಬೇಡಿ.