ವಂಶ ಮುಗಿದರೂ ಉಳಿದ ಹೆಸರು

ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನೋಟು ಎಣಿಸಿದವನು ನಾನು. ಯಾವ ದೇಶದ ನೋಟು ಕಂಡರೂ ಅದರ ಮೇಲಿನ ಮುಖ ಯಾರದೆಂದು ಹುಡುಕುವ ಚಟ ಇನ್ನೂ ಹೋಗಿಲ್ಲ. ಪೋಲೆಂಡ್ ದೇಶದ 500 ಜ್ಲೋಟಿ ನೋಟಿನ ಮೇಲೆ ದಪ್ಪ ಮೀಸೆಯ ರಾಜನೊಬ್ಬನಿದ್ದಾನೆ. ಅವನು ಯಾನ್ ಸೊಬ್ಯೆಸ್ಕಿ. ರಾಜ ತೀರಿಕೊಂಡದ್ದು 1696ರಲ್ಲಿ. ನೋಟು ಬಂದದ್ದು 2017ರಲ್ಲಿ!

ಸೊಬ್ಯೆಸ್ಕಿ ಎಂಬುದು ಅವನ ಮನೆತನದ ಹೆಸರು. ‘ಸೊಬ್ಯೆಶಿನ್ ಎಂಬ ಹಳ್ಳಿಯವರು’ ಎಂದು ಅದರ ಅರ್ಥ. ನಮ್ಮ ಉತ್ತರ ಕರ್ನಾಟಕದಲ್ಲಿ ಊರಿನ ಹೆಸರೇ ಅಡ್ಡಹೆಸರಾಗುವುದಿಲ್ಲವೇ, ಹಾಗೆಯೇ. ಇನ್ನೊಂದು ವಿಶೇಷ ಕೇಳಿ ಮಕ್ಕಳೇ: ಆ ಮನೆಯ ಗಂಡಸು ಸೊಬ್ಯೆಸ್ಕಿಯಾದರೆ, ಹೆಂಗಸು ಸೊಬ್ಯೆಸ್ಕಾ.

ಆಗ ಪೋಲೆಂಡಿನಲ್ಲಿ ರಾಜನ ಮಗನೇ ರಾಜನಾಗಬೇಕೆಂದಿರಲಿಲ್ಲ. ಸರದಾರ ಮನೆತನಗಳವರು ಸೇರಿ ಆರಿಸುತ್ತಿದ್ದರು. 1674ರಲ್ಲಿ ಆರಿಸಿದ್ದು ಇವನನ್ನು. 1683ರಲ್ಲಿ ತುರ್ಕಿಯ ಆಟೋಮನ್ ಸೈನ್ಯ ವಿಯೆನ್ನಾ ನಗರಕ್ಕೆ ಎರಡು ತಿಂಗಳು ಮುತ್ತಿಗೆ ಹಾಕಿತ್ತು. ಸೆಪ್ಟೆಂಬರ್ 12ರಂದು ಸೊಬ್ಯೆಸ್ಕಿ ಹಲವು ರಾಜ್ಯಗಳ ಸೈನ್ಯವನ್ನು ಮುನ್ನಡೆಸಿ ಆ ಮುತ್ತಿಗೆ ಬಿಡಿಸಿದ. ಯುರೋಪಿನಲ್ಲೆಲ್ಲ ಅವನ ಹೆಸರೇ ಹೆಸರು.

ಗ್ಡಾನ್ಸ್ಕ್ ಪಟ್ಟಣದಲ್ಲಿ ಹೆವೆಲಿಯಸ್ ಎಂಬ ಖಗೋಳ ವಿಜ್ಞಾನಿಯಿದ್ದ. 1679ರಲ್ಲಿ ಅವನ ವೀಕ್ಷಣಾಲಯ ಸುಟ್ಟುಹೋಯಿತು. ಅವನಿಗೆ ಆಸರೆಯಾಗಿದ್ದವನು ಇದೇ ರಾಜ. ಆ ಋಣವನ್ನು ಹೆವೆಲಿಯಸ್ ಆಕಾಶದಲ್ಲಿ ತೀರಿಸಿದ! ಹೆಸರಿಲ್ಲದ ಒಂದಿಷ್ಟು ನಕ್ಷತ್ರಗಳನ್ನು ಗುಂಪು ಮಾಡಿ, 1684ರಲ್ಲಿ ‘ಸೊಬ್ಯೆಸ್ಕಿಯ ಗುರಾಣಿ’ ಎಂದು ಹೆಸರಿಟ್ಟ. ಗುರಾಣಿಯೇ ಆ ಮನೆತನದ ಲಾಂಛನ.

ಈಗ ವಾರ್ಸಾದಿಂದ ವಿಯೆನ್ನಾಕ್ಕೆ ಹೋಗುವ ಒಂದು ರೈಲಿನ ಹೆಸರು ಸೊಬ್ಯೆಸ್ಕಿ. ಅಮೆರಿಕದ ಮಿನ್ನೆಸೋಟದಲ್ಲಿ ಆ ಹೆಸರಿನ ಊರಿದೆ. ಮದ್ಯದ ಬಾಟಲಿಯ ಮೇಲೂ ಇದೆ. ಹೆಸರು ದೊಡ್ಡದಾದರೆ ವ್ಯಾಪಾರಿಗಳು ಬಿಡುತ್ತಾರೆಯೇ!

ಆದರೆ ವಂಶ? ರಾಜನ ಮೂವರು ಗಂಡುಮಕ್ಕಳಲ್ಲಿ ಒಬ್ಬನಿಗೂ ಸಿಂಹಾಸನ ದಕ್ಕಲಿಲ್ಲ. 1737ರಲ್ಲಿ ಹಿರಿಯ ಮಗ ತೀರಿಕೊಂಡಾಗ ಗಂಡು ಸಂತಾನವೇ ಮುಗಿಯಿತು.

ನನಗೆ ಇಬ್ಬರೂ ಹೆಣ್ಣುಮಕ್ಕಳು. “ನಿಮ್ಮ ಮನೆತನದ ಹೆಸರು ಹೇಳೋರು ಯಾರಪ್ಪಾ?” ಎಂದು ನಮ್ಮ ತಾಯಿ ಕೊನೆಯವರೆಗೂ ಕೊರಗುತ್ತಿದ್ದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗಾದರೆ ಹೇಳುತ್ತಿದ್ದೆ: ಅಮ್ಮಾ, ಸೊಬ್ಯೆಸ್ಕಿಯ ಹೆಸರನ್ನು ಆಕಾಶಕ್ಕೇರಿಸಿದವನು ಅವನ ಮಗನಲ್ಲ, ಮೊಮ್ಮಗನೂ ಅಲ್ಲ, ಕಷ್ಟದಲ್ಲಿ ನೆರವು ಪಡೆದ ಒಬ್ಬ ಪ್ರಜೆ.

ಇಂದು ಆ ನಕ್ಷತ್ರಪುಂಜದ ಹೆಸರು ಬರೀ ‘ಗುರಾಣಿ’. ರಾಜನ ಹೆಸರು ಉದುರಿಹೋಗಿದೆ. 88 ನಕ್ಷತ್ರಪುಂಜಗಳಲ್ಲಿ ಅದು ತೀರಾ ಚಿಕ್ಕವುಗಳಲ್ಲೊಂದು. ಅಕ್ಟೋಬರಿನಲ್ಲಿ ಮೋಡವಿಲ್ಲದ ಸಂಜೆ, ಬೀದಿದೀಪಗಳಿಲ್ಲದ ಕಡೆ ನಿಂತು ನೈಋತ್ಯಕ್ಕೆ ನೋಡಿ. ಶ್ರವಣ ನಕ್ಷತ್ರಕ್ಕೂ ಧನು ರಾಶಿಗೂ ನಡುವೆ, ಆಕಾಶಗಂಗೆಯಲ್ಲಿ ಮಸುಕಾಗಿ ಕಾಣುತ್ತದೆ. ಅಜ್ಜ ಅಜ್ಜಿಯರಿಗೆ ಕಾಣದಿದ್ದರೆ, ಮಕ್ಕಳೇ, ನೀವೇ ಬೆರಳು ಮಾಡಿ ತೋರಿಸಿ.