ಪಹಣಿಯ ಹೆಸರೂ ಬರಗಾಲದ ಪರಿಹಾರವೂ

ಮಳೆ ಕೈಕೊಟ್ಟಾಗ ಹೊಲವನ್ನು ದುಡಿಸಿದವರು ಹೆಣ್ಣೋ ಗಂಡೋ ಎಂದು ಬರವು ವಿಚಾರಿಸುವುದಿಲ್ಲ. ಬೆಳೆನಷ್ಟದ ಪರಿಹಾರಧನವಾದರೋ ನಮ್ಮ ರಾಜ್ಯದಲ್ಲಿ ಪಹಣಿಯಲ್ಲಿರುವ ಹೆಸರನ್ನರಸಿ ಹೋಗುವುದು. 2015-16ರ ಕೃಷಿಗಣತಿಯಂತೆ ಭಾರತದ ಹಿಡುವಳಿಗಳಲ್ಲಿ ಸ್ತ್ರೀಯರು ನಡೆಸುವುವೆಂದು ದಾಖಲಾದವು ಶೇಕಡ 14ಕ್ಕಿಂತಲೂ ಕಡಮೆ. ನಾಟಿ, ಕಳೆ, ಕೊಯ್ಲುಗಳಲ್ಲಿ ಅವರ ದುಡಿಮೆ ಇದಕ್ಕಿಂತ ಎಷ್ಟೋ ಮಿಗಿಲೆಂಬುದನ್ನು ನಾವೆಲ್ಲರೂ ಬಲ್ಲೆವು.

ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಭಾಗವು ಕರ್ನಾಟಕದಲ್ಲಿ 1994ರಿಂದಲೂ, ದೇಶಕ್ಕೆಲ್ಲ 2005ರಿಂದಲೂ ಉಂಟು. 2007ರ ರಾಷ್ಟ್ರೀಯ ರೈತನೀತಿಯು ಗೇಣಿದಾರರನ್ನೂ ಕೃಷಿಕಾರ್ಮಿಕರನ್ನೂ ರೈತರೆಂದೇ ಎಣಿಸಿತು. ಆದರೆ ಗಂಡನು ಪಟ್ಟಣ ಸೇರಿದ ಮೇಲೆ ಅವನ ಹೆಸರಿನ ಹೊಲವನ್ನು ತಾನೊಬ್ಬಳೇ ನಡೆಸುವವಳಿಗೆ ನಷ್ಟವುಂಟು, ಪರಿಹಾರವಿಲ್ಲ. ಆದುದರಿಂದ ಹವಾಮಾನನೀತಿಯಲ್ಲಿ ಸಮಾನತೆಯು ಸಾಗುವಳಿದಾರರ ಪಟ್ಟಿಯನ್ನು ತಿದ್ದುವುದರಿಂದಲೇ ಮೊದಲಾಗಬೇಕೆಂಬುದು ನಮ್ಮ ಅಭಿಪ್ರಾಯ.