ಗ್ರಾಮ ಪಂಚಾಯತಿಯ ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್: ಒಡೆತನ, ನಿರ್ವಹಣೆ ಮತ್ತು 15 ವರ್ಷಗಳ ಗಡಿ

ಮಲೆನಾಡು ಹಾಗೂ ಘಟ್ಟದ ತಪ್ಪಲಿನ ಗ್ರಾಮ ಪಂಚಾಯತಿಗಳಲ್ಲಿ ಮನೆಗಳು ಒತ್ತಾಗಿರುವುದಿಲ್ಲ. ಒಂದು ಮಜರೆಯಿಂದ ಇನ್ನೊಂದಕ್ಕೆ ಹಳ್ಳ, ಏರು, ಕೆಮ್ಮಣ್ಣಿನ ಕಚ್ಚಾ ರಸ್ತೆ ದಾಟಿಯೇ ಹೋಗಬೇಕು. ಕಸ ಸಂಗ್ರಹಣೆಯ ಆಟೋ ಟಿಪ್ಪರ್ ಜೂನ್ ತಿಂಗಳ ಎರಡನೆಯ ವಾರದ ನಂತರ ಇಂತಹ ಏರುಗಳಲ್ಲಿ ಹಿಂದಕ್ಕೆ ಜಾರುತ್ತದೆ. ಕೆಟ್ಟುಹೋದ ಪಂಪ್‌ಸೆಟ್ ಮೋಟಾರನ್ನು ರಿಪೇರಿಗೆ ತರುವುದು, ಪೈಪುಗಳನ್ನು ಸಾಗಿಸುವುದು, ನೀರಿನ ಟ್ಯಾಂಕುಗಳಿಗೆ ಬ್ಲೀಚಿಂಗ್ ಪೌಡರ್ ಮುಟ್ಟಿಸುವುದು, ಮರ ಬಿದ್ದ ರಾತ್ರಿ ಗರಗಸದೊಡನೆ ನಾಲ್ಕು ಜನರನ್ನು ಕರೆದೊಯ್ಯುವುದು, ಇವೆಲ್ಲಕ್ಕೂ ಇಂತಹ ಕಡೆ ಫೋರ್ ವೀಲ್ ಡ್ರೈವ್ ಪಿಕಪ್ ಒಂದೇ ಆಧಾರ. ಮಹೀಂದ್ರ ಬೊಲೆರೊ ಕ್ಯಾಂಪರ್‌ನ ನಾಲ್ಕು ಚಕ್ರ ಚಾಲನೆಯ ಮಾದರಿ, ಟಾಟಾ ಝೆನಾನ್‌ನ ಅಂತಹುದೇ ಮಾದರಿ ಈ ವರ್ಗದಲ್ಲಿ ಪರಿಚಿತವಾದವು.

ವಾಹನ ಹಳೆಯದಾದಂತೆ ಅದರ ರಿಪೇರಿ ಬಿಲ್ಲು ಸಾಮಾನ್ಯ ಸಭೆಯಲ್ಲಿ ಚರ್ಚೆಯ ವಸ್ತುವಾಗುತ್ತದೆ. ಮಾರಿಬಿಡುವುದು ಲೇಸೆಂದು ಕೆಲವು ಸದಸ್ಯರು, ಇಂಜಿನ್ ಬಿಚ್ಚಿಸಿ ಹೊಸದರಂತೆ ಮಾಡಿಸಬಹುದೆಂದು ಇನ್ನು ಕೆಲವರು ವಾದಿಸುವುದು ಸಹಜ. ಈ ಎರಡೂ ಅಭಿಪ್ರಾಯಗಳಿಗೆ ಮೊದಲು ಎರಡು ಸಂಗತಿಗಳು ತಿಳಿದಿರಬೇಕು. ವಾಹನದ ಮುಂದಿನ ಚಕ್ರಗಳ ಚಾಲನೆ ಇಂದಿಗೂ ಕೆಲಸ ಮಾಡುತ್ತಿದೆಯೇ ಎಂಬುದು ಒಂದು. ವಾಹನ ಮೊಟ್ಟಮೊದಲು ನೋಂದಣಿಯಾದ ದಿನಾಂಕ ಯಾವುದು ಎಂಬುದು ಇನ್ನೊಂದು. ಮುಂದಿನ ಚಾಲನೆ ಸತ್ತಿರುವ ಫೋರ್ ವೀಲ್ ಡ್ರೈವ್ ವಾಹನವೆಂದರೆ ಹೆಚ್ಚು ತೂಕದ, ಹೆಚ್ಚು ಡೀಸೆಲ್ ಕುಡಿಯುವ ಸಾಮಾನ್ಯ ಪಿಕಪ್ ಅಷ್ಟೆ.

ಈ ವಾಹನಗಳಲ್ಲಿ ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಸಾಮಾನ್ಯ ಓಟದಲ್ಲಿ ಇಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಮಾತ್ರ ಹೋಗುತ್ತದೆ. ಚಾಲಕನು ಲಿವರ್ ಅಥವಾ ಗುಂಡಿಯಿಂದ ನಾಲ್ಕು ಚಕ್ರದ ಸ್ಥಿತಿಗೆ ಬದಲಿಸಿದಾಗ ಟ್ರಾನ್ಸ್‌ಫರ್ ಕೇಸ್ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಹಿಂದಿನದರೊಡನೆ ಗಟ್ಟಿಯಾಗಿ ಬೆಸೆಯುತ್ತದೆ. ಅಲ್ಲಿಂದ ಮುಂದೆ ಎರಡೂ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ತೊಂದರೆಯ ಮೂಲವೂ ಇದೇ.

ವಾಹನ ತಿರುವು ತೆಗೆದುಕೊಳ್ಳುವಾಗ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತದಲ್ಲಿ ಸಾಗುತ್ತವೆ. ಮುಂದಿನ ಹಾಗೂ ಹಿಂದಿನ ಆಕ್ಸಲ್‌ಗಳ ನಡುವೆ 3 ಮೀಟರ್ ಅಂತರವಿರುವ ಪಿಕಪ್ ಒಂದು ಆಗುಂಬೆ ಘಾಟಿಯಂತಹ ರಸ್ತೆಯಲ್ಲಿ ಹೇರ್‌ಪಿನ್ ತಿರುವು ತೆಗೆದುಕೊಳ್ಳುತ್ತದೆಂದು ಭಾವಿಸಿದರೆ ಲೆಕ್ಕ ಸ್ಪಷ್ಟವಾಗುತ್ತದೆ. ಹಿಂದಿನ ಆಕ್ಸಲ್ 6 ಮೀಟರ್ ತ್ರಿಜ್ಯದ ಅರ್ಧ ವೃತ್ತದಲ್ಲಿ ಸುಮಾರು 18.8 ಮೀಟರ್ ಸಾಗಿದರೆ, ಮುಂದಿನ ಆಕ್ಸಲ್ ಸುಮಾರು 21.1 ಮೀಟರ್ ಸಾಗಬೇಕು. ವ್ಯತ್ಯಾಸ 2 ಮೀಟರಿಗೂ ಹೆಚ್ಚು, ಅಂದರೆ ಹೆಚ್ಚುಕಡಿಮೆ ಚಕ್ರದ ಒಂದು ಪೂರ್ಣ ಸುತ್ತು. ಕೆಸರಿನಲ್ಲಿ ಈ ಒಂದು ಸುತ್ತನ್ನು ಚಕ್ರವು ಜಾರಿಕೊಂಡು ಸರಿದೂಗಿಸುತ್ತದೆ. ಒಣ ಡಾಂಬರಿನ ಮೇಲೆ ಚಕ್ರ ಜಾರದು. ಆದ್ದರಿಂದ ಆ ಸೆಳೆತವೆಲ್ಲ ಶಾಫ್ಟು, ಗೇರು, ಜಾಯಿಂಟುಗಳೊಳಗೆ ಹಿಂಡಿದ ಹಗ್ಗದಂತೆ ಕೂಡಿಕೊಳ್ಳುತ್ತದೆ. ಸ್ಟೇರಿಂಗ್ ಬಿಗಿಯಾಗುವುದು, ವಾಹನ ತಡೆದು ತಡೆದು ನಡೆಯುವುದು, ಲಿವರ್ ಹಿಂದಕ್ಕೆ ಬಾರದೆ ಸಿಕ್ಕಿಕೊಳ್ಳುವುದು ಇದರ ಲಕ್ಷಣಗಳು. ಆಗ ಲಿವರನ್ನು ಬಲವಂತವಾಗಿ ಎಳೆಯದೆ, ವಾಹನವನ್ನು ನೇರವಾಗಿ ಕೆಲವು ಅಡಿ ಹಿಂದಕ್ಕೆ ಚಲಿಸಿದರೆ ಬಿಗಿ ಸಡಿಲಗೊಂಡು ಲಿವರ್ ಸಾಮಾನ್ಯವಾಗಿ ತಾನಾಗಿ ಬಿಡುತ್ತದೆ.

ಮಳೆಗಾಲದಲ್ಲಿ ಇರಲಿ ಎಂದು ನಾಲ್ಕು ಚಕ್ರದ ಸ್ಥಿತಿಯಲ್ಲಿಯೇ ಡಾಂಬರಿನ ಮೇಲೆ ಓಡಿಸುವ ಅಭ್ಯಾಸ ಕೆಲವು ಚಾಲಕರಲ್ಲಿದೆ. ಇದರಿಂದ ಸುರಕ್ಷತೆ ಹೆಚ್ಚುತ್ತದೆಂಬ ನಂಬಿಕೆಯೂ ಇದೆ. ಬ್ರೇಕ್ ಎಲ್ಲ ವಾಹನಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಫೋರ್ ವೀಲ್ ಡ್ರೈವ್ ವಾಹನವನ್ನು ಮುಂದೆ ಎಳೆಯಬಲ್ಲದೇ ಹೊರತು ನಿಲ್ಲಿಸುವುದರಲ್ಲಿ ಅದರ ಪಾತ್ರವಿಲ್ಲ. ಆದರೆ ಕಡಿದಾದ ಕೆಸರಿನ ಇಳಿಜಾರಿನಲ್ಲಿ ಲೋ ಎಂಬ ಸ್ಥಾನ ನಿಜಕ್ಕೂ ಉಪಯುಕ್ತ. ಅದರಲ್ಲಿ ಚಕ್ರದ ವೇಗ ಸುಮಾರು ಎರಡೂವರೆ ಪಟ್ಟು ತಗ್ಗಿ ಎಳೆತ ಅಷ್ಟೇ ಪಟ್ಟು ಹೆಚ್ಚುತ್ತದೆ. ಮೊದಲ ಗೇರಿನಲ್ಲಿ ಇಳಿದರೆ ಇಂಜಿನ್ನೇ ವಾಹನವನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಒತ್ತಿ ಚಕ್ರ ಕಟ್ಟಿ ಜಾರುವ ಪ್ರಸಂಗ ಕಡಿಮೆಯಾಗುತ್ತದೆ. ಲೋ ಸ್ಥಾನಕ್ಕೆ ಬದಲಿಸುವಾಗ ವಾಹನವನ್ನು ನಿಲ್ಲಿಸಿರಬೇಕು.

ಅತಿಯಾದ ಬಳಕೆಯಂತೆಯೇ ಬಳಸದೆ ಬಿಡುವುದೂ ಹಾನಿಕರ. ನವೆಂಬರಿನಿಂದ ಮೇ ತಿಂಗಳವರೆಗೆ ಲಿವರನ್ನು ಮುಟ್ಟದಿದ್ದರೆ ಒಳಗಿನ ಆಯಿಲ್ ಮೇಲಿನ ಭಾಗಗಳನ್ನು ತಲುಪದೆ ಸೀಲುಗಳು ಒಣಗುತ್ತವೆ, ಜೋಡಣೆಯ ಭಾಗಗಳು ತುಕ್ಕಿನಿಂದ ಹಿಡಿದುಕೊಳ್ಳುತ್ತವೆ. ಜೂನ್ ತಿಂಗಳ ಮೊದಲ ಕೆಸರಿನಲ್ಲಿ ಲಿವರ್ ಬೀಳುವುದಿಲ್ಲ. ಆದುದರಿಂದ ಬೇಸಿಗೆಯಲ್ಲಿಯೂ ತಿಂಗಳಿಗೊಮ್ಮೆ ಮಣ್ಣಿನ ರಸ್ತೆಯಲ್ಲಿ ಕೆಲವು ಕಿಲೋಮೀಟರ್ ನಾಲ್ಕು ಚಕ್ರದ ಸ್ಥಿತಿಯಲ್ಲಿ ಓಡಿಸಿ ಲಾಗ್ ಪುಸ್ತಕದಲ್ಲಿ ನಮೂದಿಸುವುದು ಸೂಕ್ತ. ಇದಕ್ಕೆ ಖರ್ಚಿಲ್ಲ, ಪ್ರಾಯಶಃ ಅದಕ್ಕಾಗಿಯೇ ಯಾರೂ ಮಾಡುವುದಿಲ್ಲ.

ಟೈರುಗಳ ವಿಷಯದಲ್ಲಿ ಪಂಚಾಯತಿಗಳು ಉಳಿತಾಯವೆಂದು ಭಾವಿಸಿ ನಷ್ಟ ಮಾಡಿಕೊಳ್ಳುವುದುಂಟು. ಹಣದ ಲಭ್ಯತೆ ನೋಡಿ ಈ ವರ್ಷ ಎರಡು, ಮುಂದಿನ ವರ್ಷ ಎರಡು ಟೈರು ಖರೀದಿಸುವುದು ಸಾಮಾನ್ಯ ಪಿಕಪ್‌ಗೆ ಸರಿ. ಫೋರ್ ವೀಲ್ ಡ್ರೈವ್ ವಾಹನದಲ್ಲಿ ಹಿಂದೆ ಹೊಸ ಟೈರು, ಮುಂದೆ ಸವೆದ ಟೈರು ಇದ್ದರೆ ಸುತ್ತಳತೆ ಬೇರೆಯಾಗುತ್ತದೆ. 70 ಸೆಂ.ಮೀ. ವ್ಯಾಸದ ಹೊಸ ಟೈರು ಒಂದು ಕಿ.ಮೀ. ದೂರಕ್ಕೆ ಸುಮಾರು 455 ಸುತ್ತು ತಿರುಗುತ್ತದೆ. 6 ಮಿ.ಮೀ. ಸವೆದ ಟೈರು ಅಷ್ಟೇ ದೂರಕ್ಕೆ ಸುಮಾರು 463 ಸುತ್ತು ತಿರುಗಬೇಕು. ನೇರ ರಸ್ತೆಯಲ್ಲಿಯೂ ಪ್ರತಿ ಕಿಲೋಮೀಟರಿಗೆ 8 ಸುತ್ತುಗಳ ಜಗ್ಗಾಟ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆಂದಾಯಿತು. ಆದ್ದರಿಂದ ನಾಲ್ಕೂ ಟೈರುಗಳು ಒಂದೇ ಅಳತೆಯವೂ ಒಂದೇ ಪ್ರಮಾಣದಲ್ಲಿ ಸವೆದವೂ ಆಗಿರಬೇಕು. ಅವುಗಳನ್ನು ಹಿಂದೆ ಮುಂದೆ ಅದಲುಬದಲು ಮಾಡುತ್ತಿರಬೇಕು. ನಾಲ್ಕನ್ನೂ ಒಟ್ಟಿಗೆ ಖರೀದಿಸುವ ಪ್ರಸ್ತಾವನೆ ಬಂದಾಗ ಅದನ್ನು ದುಂದುವೆಚ್ಚವೆಂದು ಸದಸ್ಯರು ಆಕ್ಷೇಪಿಸಬೇಕಾಗಿಲ್ಲ.

ನೀರು ಮತ್ತು ತುಕ್ಕು ಈ ವಾಹನಗಳ ದೊಡ್ಡ ಶತ್ರುಗಳು. ಓಡಿ ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿರುವ ಬ್ರೀದರ್ ಎಂಬ ಉಸಿರುಗೊಳವೆ ಮಣ್ಣಿನಿಂದ ಮುಚ್ಚಿದ್ದರೆ ಸೀಲಿನ ಮೂಲಕ ನೀರು ಒಳಸೇರುತ್ತದೆ. ಡಿಫರೆನ್ಷಿಯಲ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ಅರ್ಥ; ಅದನ್ನು ಅಂದೇ ಬದಲಿಸಬೇಕು. ಮಳೆಗಾಲ ಮುಗಿದ ಮೇಲೆ ಎರಡೂ ಆಕ್ಸಲ್‌ಗಳ ಹಾಗೂ ಟ್ರಾನ್ಸ್‌ಫರ್ ಕೇಸಿನ ಆಯಿಲ್ ಪರಿಶೀಲಿಸುವುದು, ಪ್ರೊಪೆಲ್ಲರ್ ಶಾಫ್ಟಿನ ಗ್ರೀಸ್ ನಿಪ್ಪಲ್‌ಗಳಿಗೆ ಹೊಸ ಗ್ರೀಸ್ ತುಂಬಿಸುವುದು ಕಡ್ಡಾಯವಾಗಬೇಕು. ಇವುಗಳಿಗಾಗುವ ವೆಚ್ಚ ಒಂದು ಕ್ರೌನ್ ಪಿನಿಯನ್ ಜೋಡಿಯ ಬೆಲೆಯ ಮುಂದೆ ಅತ್ಯಲ್ಪ.

ಪಂಚಾಯತಿ ವಾಹನಗಳಿಗೆ ಖಾಸಗಿ ವಾಹನಗಳಿಗಿಲ್ಲದ ಇನ್ನೆರಡು ಕಾಟಗಳಿವೆ. ಹಸಿ ಕಸದಿಂದ ಸೋರುವ ರಸ ಆಮ್ಲೀಯವಾಗಿದ್ದು ಹಿಂಬದಿಯ ತಗಡಿನ ಸಂದುಗಳಿಂದ ಚಾಸಿಯ ಮೇಲೆ ಇಳಿಯುತ್ತದೆ. ಬ್ಲೀಚಿಂಗ್ ಪೌಡರಿನ ಚೀಲದಿಂದ ಚೆಲ್ಲಿದ ಪುಡಿ ತೇವ ಹೀರಿ ಕ್ಲೋರಿನ್ ಬಿಡುತ್ತದೆ. ಕಬ್ಬಿಣಕ್ಕೆ ಅದಕ್ಕಿಂತ ಕೆಟ್ಟದ್ದು ಸುಲಭವಾಗಿ ಸಿಗದು. ಇವೆರಡನ್ನೂ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ, ಬೇರೆ ಬೇರೆಯಾಗಿ, ಸಾಗಿಸಬೇಕು. ಸ್ವಚ್ಛ ಸಂಕೀರ್ಣದಲ್ಲಿ ಕಸ ಇಳಿಸಿದ ಕೂಡಲೇ ತೊಟ್ಟಿಯನ್ನೂ ಅದರ ಕೆಳಭಾಗವನ್ನೂ ನೀರಿನಿಂದ ತೊಳೆಯಬೇಕು. ಮೇಲೆ ಬಣ್ಣ ಬಳಿಸಿದ ವಾಹನ ಚೆನ್ನಾಗಿಯೇ ಕಾಣುತ್ತದೆ. ಪಾಟಾ ಜೋಡಿಸಿರುವ ಬ್ರಾಕೆಟ್ಟುಗಳ ಬಳಿ ಸುತ್ತಿಗೆಯಿಂದ ತಟ್ಟಿದಾಗ ಗಣಗಣಿಸದೆ ಮಂದವಾದ ಸದ್ದು ಬಂದರೆ ಚಾಸಿಯ ಆಯಸ್ಸು ತಿಳಿಯುತ್ತದೆ. ಇಂಜಿನ್ ಬದಲಿಸಬಹುದು, ಕೊಳೆತ ಚಾಸಿಯ ಮೇಲೆ ಹಣ ಹಾಕುವುದು ವ್ಯರ್ಥ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಡೀಸೆಲ್ ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ಆಗಾಗ ಹೊರಬಿಡಬೇಕು.

ಜನರನ್ನು ಕರೆದೊಯ್ಯುವ ವಿಷಯದಲ್ಲಿ ಸದಸ್ಯರು ದಾಕ್ಷಿಣ್ಯಕ್ಕೆ ಒಳಗಾಗಬಾರದು. ನೋಂದಣಿ ಪತ್ರದಲ್ಲಿ ಎಷ್ಟು ಆಸನಗಳಿವೆಯೋ ಅಷ್ಟೇ ಜನ ಕ್ಯಾಬಿನ್ನಿನೊಳಗೆ ಕುಳಿತು ಪ್ರಯಾಣಿಸಬೇಕು. ಕಸದ ಮೂಟೆಗಳ ಮೇಲೆ ಅಥವಾ ಪೈಪುಗಳ ಮೇಲೆ ನೌಕರರನ್ನು ಕೂರಿಸಿ ಕಳುಹಿಸಿದ ದಿನ ಅಪಘಾತವಾದರೆ, ಪರಿಹಾರದ ಹೊಣೆಯ ಬಗ್ಗೆ ವಿಮಾ ಕಂಪನಿ ತಕರಾರು ಎತ್ತುತ್ತದೆ. ಆ ಹೊಣೆ ಪಂಚಾಯತಿಯ ಮೇಲೆ ಬೀಳುವ ಸಂಭವವಿದೆ. ನೌಕರನ ಕುಟುಂಬವು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತದೆ. ಥರ್ಡ್ ಪಾರ್ಟಿ ವಿಮೆ ಒಂದು ದಿನವೂ ತಪ್ಪಬಾರದು. ಸಾರಿಗೆ ವಾಹನವಾಗಿ ನೋಂದಣಿಯಾದ ಪಿಕಪ್‌ಗೆ 8 ವರ್ಷಗಳವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಅರ್ಹತಾ ಪ್ರಮಾಣಪತ್ರ ನವೀಕರಿಸಬೇಕು. ಚಾಲಕನ ಪರವಾನಗಿಯ ಬಗ್ಗೆ ಇದ್ದ ಗೊಂದಲವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಪರಿಹರಿಸಿದೆ: ಲಘು ವಾಹನ ಪರವಾನಗಿ ಹೊಂದಿದವರು ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನು ಓಡಿಸಬಹುದು.

ಇನ್ನು ದಿನಾಂಕದ ಪ್ರಶ್ನೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2023ರ ಜನವರಿಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿದ್ದು, ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಸರ್ಕಾರಿ ಇಲಾಖೆಗಳ ಹಾಗೂ ಪಂಚಾಯತಿಗಳೂ ಸೇರಿದಂತೆ ಸ್ಥಳೀಯ ಸಂಸ್ಥೆಗಳ ವಾಹನಗಳ ನೋಂದಣಿಯು ಮೊದಲ ನೋಂದಣಿಯ ದಿನಾಂಕದಿಂದ 15 ವರ್ಷಗಳಿಗೆ ಮುಗಿಯುತ್ತದೆ, ನವೀಕರಣಕ್ಕೆ ಅವಕಾಶವಿಲ್ಲ. ಅನಂತರ ವಾಹನವನ್ನು ನೋಂದಾಯಿತ ಗುಜರಿ ಕೇಂದ್ರದ ಮೂಲಕವೇ ವಿಲೇವಾರಿ ಮಾಡಬೇಕು. ನೆರೆಯ ತೋಟದ ಮಾಲೀಕರ 20 ವರ್ಷದ ಜೀಪು ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಓಡುತ್ತಿರಬಹುದು. ಪಂಚಾಯತಿಯ ವಾಹನ ಎಷ್ಟೇ ಸುಸ್ಥಿತಿಯಲ್ಲಿದ್ದರೂ ಆ ಸೌಲಭ್ಯ ಅದಕ್ಕಿಲ್ಲ.

ಇಲ್ಲಿ ಗಮನಿಸಬೇಕಾದ ಪದ ಮೊದಲ ನೋಂದಣಿ. ಬೇರೊಂದು ಇಲಾಖೆಯಿಂದ ಹಸ್ತಾಂತರವಾಗಿ ಬಂದ ವಾಹನಕ್ಕೂ, ಬಳಸಿದ ಸ್ಥಿತಿಯಲ್ಲಿ ಖರೀದಿಸಿದ ವಾಹನಕ್ಕೂ ಪಂಚಾಯತಿಯ ಹೆಸರಿಗೆ ವರ್ಗಾವಣೆಯಾದ ದಿನ ಲೆಕ್ಕಕ್ಕೆ ಬರುವುದಿಲ್ಲ. 9 ವರ್ಷದ ಪಿಕಪ್ ಕೈಗೆ ಬಂದರೆ ಉಳಿದಿರುವುದು 6 ವರ್ಷ ಮಾತ್ರ.

ರಿಪೇರಿ ಪ್ರಸ್ತಾವನೆಯನ್ನು ಈ ದಿನಾಂಕದೊಡನೆ ಇಟ್ಟು ನೋಡಬೇಕು. 2012ರ ಜೂನ್‌ನಲ್ಲಿ ಮೊದಲು ನೋಂದಣಿಯಾದ ವಾಹನದ ಇಂಜಿನ್ ಬಿಚ್ಚಿಸಲು 1,20,000 ರೂಪಾಯಿಗಳ ಅಂದಾಜು ಬಂದಿದೆಯೆಂದು ಲೆಕ್ಕಕ್ಕಾಗಿ ಭಾವಿಸೋಣ. ಈ ಕೆಲಸ 2022ರ ಜೂನ್‌ನಲ್ಲಿ ಆಗಿದ್ದರೆ ಉಳಿದ 60 ತಿಂಗಳಿಗೆ ಹಂಚಿದಾಗ ತಿಂಗಳಿಗೆ 2,000 ರೂಪಾಯಿ. ಅದೇ ಅಂದಾಜು 2026ರ ಜನವರಿಯಲ್ಲಿ ಬಂದರೆ ಉಳಿದಿರುವುದು 17 ತಿಂಗಳು. ತಿಂಗಳಿಗೆ 7,000 ರೂಪಾಯಿ ಮೀರುತ್ತದೆ. ಆ 17 ತಿಂಗಳಲ್ಲಿ ಮಳೆಗಾಲ ಪೂರ್ಣವಾಗಿ ಬರುವುದು ಒಮ್ಮೆ ಮಾತ್ರ. ಇಂತಹ ಸಂದರ್ಭದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾಸಗಿ ಫೋರ್ ವೀಲ್ ಡ್ರೈವ್ ವಾಹನವನ್ನು ಬಾಡಿಗೆಗೆ ಪಡೆಯುವುದು ಅಗ್ಗವಾಗಬಹುದು. ಆದರೆ ಬ್ರೇಕ್, ಸ್ಟೇರಿಂಗ್, ಟೈರುಗಳಿಗೆ ಈ ಲೆಕ್ಕ ಅನ್ವಯಿಸದು. ಕೊನೆಯ ತಿಂಗಳಿನಲ್ಲಿಯೂ ಅವು ಸರಿಯಾಗಿರಲೇಬೇಕು, ಇಲ್ಲವೇ ವಾಹನ ಶೆಡ್ಡಿನಲ್ಲಿಯೇ ನಿಲ್ಲಬೇಕು.

ಈ ತೀರ್ಮಾನಗಳಿಗೆ ಲಾಗ್ ಪುಸ್ತಕವೇ ಆಧಾರ. ಓಡಿದ ಕಿಲೋಮೀಟರ್ ಹಾಗೂ ಡೀಸೆಲ್ ಮಾತ್ರ ಬರೆದರೆ ಸಾಲದು. ಆಯಿಲ್ ಬದಲಿಸಿದ ದಿನ, ನಾಲ್ಕು ಚಕ್ರದ ಸ್ಥಿತಿಯಲ್ಲಿ ಓಡಿಸಿದ ದಿನ, ಬದಲಿಸಿದ ಬಿಡಿಭಾಗ, ತೆಗೆದ ಹಳೆಯ ಭಾಗವನ್ನು ಕಚೇರಿಗೆ ಒಪ್ಪಿಸಿದ ವಿವರ ಅದರಲ್ಲಿರಬೇಕು. ಚಾಲಕರು ಬದಲಾಗುತ್ತಾರೆ, ಅಧಿಕಾರಿಗಳು ವರ್ಗವಾಗುತ್ತಾರೆ, ಸದಸ್ಯರ ಅವಧಿ ಮುಗಿಯುತ್ತದೆ. ಕಳೆದ ಬಾರಿ ಗೇರ್‌ಬಾಕ್ಸ್ ಬಿಚ್ಚಿಸಿದ್ದು ಯಾವಾಗ ಎಂಬ ಪ್ರಶ್ನೆಗೆ ಆಗ ಉತ್ತರಿಸುವವರು ಇರುವುದಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಮೊದಲ ನೋಂದಣಿಯ ದಿನಾಂಕವನ್ನೂ 15 ವರ್ಷ ಮುಗಿಯುವ ದಿನಾಂಕವನ್ನೂ ಕೆಂಪು ಶಾಯಿಯಲ್ಲಿ ಬರೆದಿಡಬೇಕು. ಆ ದಿನಕ್ಕೆ ಕನಿಷ್ಠ ಒಂದು ವರ್ಷ ಮೊದಲು ಬದಲಿ ವ್ಯವಸ್ಥೆಯ ವಿಷಯವನ್ನು ಸಾಮಾನ್ಯ ಸಭೆಯ ಕಾರ್ಯಸೂಚಿಗೆ ತಂದರೆ, ಮುಂದಿನ ಆಯವ್ಯಯದಲ್ಲಿ ಹಣ ಕಾಯ್ದಿರಿಸಲು ಸಮಯ ಉಳಿಯುತ್ತದೆ.